ಕೂಸಿನ ಜಾಗದಲ್ಲಿ ಗುಂಡಕಲ್ಲು

ದೆವ್ವ, ಮಾಟ, ಮೈಮೇಲೆ ಬರುವುದು, ಇಂಥ ಮಾತು ತೆಗೆದರೆ ಸಾಕು, ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಖಾನಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವಳು ನಾನು. ಸ್ಟಾಫ್ ರೂಮಿನಲ್ಲಿ ಯಾರಾದರೂ ಲೋಂಡಾ ರಸ್ತೆಯ ಕಾಡಿನಲ್ಲಿ ಬಿಳಿ ಸೀರೆ ಕಂಡ ಕಥೆ ಶುರು ಮಾಡಿದರೆ, "ಸರ್, ನೀವು ಕಂಡ್ರೇನ್ರೀ, ಇಲ್ಲಾ ನಿಮ್ಮ ಕಾಕಾನ ಅಳಿಯ ಕಂಡಾನ್ರೀ?" ಅಂತ ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಕಂಡವರು ಯಾವಾಗಲೂ ಯಾರದೋ ಅಳಿಯನೇ ಆಗಿರುತ್ತಿದ್ದರು. ಹಾಗಾಗಿ ಈಗ ನಾನೇ ಇಂಥದೊಂದನ್ನು ಹೇಳಲು ಕೂತಾಗ ನೀವು ನಕ್ಕರೆ ನನಗೇನೂ ಸಿಟ್ಟಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ಒಂದಕ್ಕೆ ಎರಡು ಸೇರಿಸುವುದಿಲ್ಲ.

ಎರಡು ಸಾವಿರದ ಇಸವಿಯ ಆಜುಬಾಜು, ಸಂಕ್ರಾಂತಿ ಮುಂದಿನ ಥಂಡಿಯ ದಿನಗಳು. ಗಂಡನ ಮನೆ ಬೆಳಗಾವಿಯ ಖಾಸಬಾಗದಲ್ಲಿ. ನಮ್ಮ ಮನೆಯವರು ಆಟೋ ನಗರದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮಷಿನ್ ನಡೆಸುತ್ತಿದ್ದರು. ನನ್ನ ನೌಕರಿ ಖಾನಾಪುರದಲ್ಲಿ ಇದ್ದುದರಿಂದ ವಾರವೆಲ್ಲ ತವರಿನಲ್ಲಿ ಆಯಿಯ ಹತ್ತಿರ ಇದ್ದು, ಶನಿವಾರ ಬಸ್ಸು ಹತ್ತಿ ಹೋಗುತ್ತಿದ್ದೆ. ಆಯಿ ಅಂದರೆ ಅವ್ವನ ಅವ್ವ. ಅವ್ವ ನಾನು ಸಣ್ಣಾಕಿ ಇದ್ದಾಗಲೇ ತೀರಿಕೊಂಡಿದ್ದಳು, ನನ್ನನ್ನು ಬೆಳೆಸಿದವಳು ಆಯಿಯೇ. ಕೊರಳಲ್ಲಿ ಲಿಂಗ, ಬಾಯಲ್ಲಿ ಬಸವಣ್ಣ. ಆದರೆ ಊರಿನ ಒಂದು ದೇವಿಯನ್ನೂ ಎದುರು ಹಾಕಿಕೊಂಡವಳಲ್ಲ. ಆ ಕಾರಣಕ್ಕೇ ನಮ್ಮಿಬ್ಬರ ನಡುವೆ ದಿನಾ ಒಂದು ಜಗಳ ಇರುತ್ತಿತ್ತು.

ಏಳನೇ ತಿಂಗಳ ಸೀಮಂತದ ಕುಬಸ ಮಾಡಿ, ಹಸಿರು ಬಳೆ ಇಡಿಸಿ ಎಂಟು ದಿನ ಸಹ ಆಗಿರಲಿಲ್ಲ. ಒಂಬತ್ತನೇ ಇಯತ್ತೆಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ, ಕಾಲಗುಂಟ ಏನೋ ಬಿಸಿಯಾಗಿ ಇಳಿಯಿತು. ನೋಡಿದರೆ ರಕ್ತ. ಜೊತೆಯ ಟೀಚರುಗಳು ರಿಕ್ಷಾದಲ್ಲಿ ಹಾಕಿಕೊಂಡು ಊರಿನ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಒಯ್ದರು. ಆಪರೇಷನ್ ಆಯಿತು. ನಾನು ಎಚ್ಚರಾಗುವ ಹೊತ್ತಿಗೆ ಕೂಸು ಅಲ್ಲಿ ಇರಲಿಲ್ಲ. ಹೆಣ್ಣು ಕೂಸು, ಒಂದು ಕಿಲೋದ ಮೇಲೆ ನೂರು ಗ್ರಾಂ, ಇಲ್ಲಿ ಇಟ್ಟರೆ ಬದುಕುವುದಿಲ್ಲ ಅಂತ ಡಾಕ್ಟರ್ ಹೇಳಿದರಂತೆ. ಸುದ್ದಿ ತಿಳಿದು ಗ್ರೀಸ್ ಹತ್ತಿದ ಕೈಯಲ್ಲೇ ಓಡಿ ಬಂದ ನಮ್ಮ ಮನೆಯವರು ಅದನ್ನು ಅರಳೆಯಲ್ಲಿ ಸುತ್ತಿಸಿಕೊಂಡು ಜೀಪಿನಲ್ಲಿ ಬೆಳಗಾವಿಯ ದೊಡ್ಡ ದವಾಖಾನೆಗೆ ಒಯ್ದಿದ್ದರು. ನನ್ನ ಹೊಟ್ಟೆಯಿಂದ ಬಂದದ್ದನ್ನು ಎಲ್ಲರೂ ನೋಡಿದ್ದರು, ನಾನೊಬ್ಬಳೇ ನೋಡಿರಲಿಲ್ಲ. ಬಹಳ ರಕ್ತ ಹೋಗಿತ್ತು, ಮೇಲೆ ಜ್ವರ. ಹೊಲಿಗೆ ಬಿಚ್ಚುವ ತನಕ ಅಲ್ಲಾಡಬೇಡ ಅಂದರು.

ದಿನಾ ಮುಂಜಾನೆ ಏಳಕ್ಕೆ, ಸಂಜೆ ಆರಕ್ಕೆ ನರ್ಸಿಂಗ್ ಹೋಮಿನ ಕೌಂಟರಿಗೆ ಅವರ ಫೋನ್ ಬರುತ್ತಿತ್ತು. ಗೋಡೆ ಹಿಡಿದು, ಹೊಟ್ಟೆ ಒತ್ತಿಕೊಂಡು, ಬಾಗಿ ನಡೆದು ಹೋಗಿ ಮಾತಾಡುತ್ತಿದ್ದೆ. ಅವರು ಮಾತು ಕಡಿಮೆ ಇರುವ ಮನುಷ್ಯ. "ಗಾಜಿನ ಪೆಟ್ಟಿಗ್ಯಾಗ ಇಟ್ಟಾರ. ಮೈತುಂಬ ವಾಯರ್. ನಮ್ಮ ವರ್ಕ್‌ಶಾಪಿನ್ಯಾಗ ಬಿಚ್ಚಿಟ್ಟ ಇಂಜಿನ್ ಕಂಡಂಗ ಕಾಣ್ತೈತಿ" ಅಂದಿದ್ದರು ಮೊದಲನೇ ದಿನ. ಎರಡನೇ ದಿನ, "ಉಸಿರಾಡೂದು ನಡುನಡುವ ಮರೀತೈತಿ. ಸಿಸ್ಟರ್ ಅಂಗಾಲಿಗೆ ಬೆರಳಿಲೆ ಟಪ್ ಅಂತ ಹೊಡದ್ರ ಮತ್ತ ನೆನಪಾಗ್ತೈತಿ" ಅಂದರು. ನಾನು ಫೋನ್ ಇಟ್ಟು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಉಸಿರಾಡುವುದನ್ನು ಮರೆಯುವ ಕೂಸನ್ನು ನೆನೆಸಿಕೊಂಡು ನನಗೂ ಉಸಿರು ಕಟ್ಟಿದಂತಾಗುತ್ತಿತ್ತು. ಅಲ್ಲಿಯ ಡಾಕ್ಟರು ಹೇಳಿದ್ದು ಒಂದೇ ಮಾತು: ಈ ಕೂಸಿಗೆ ರೋಗಕ್ಕಿಂತ ಥಂಡಿ ದೊಡ್ಡ ವೈರಿ, ಮೈಯಲ್ಲಿ ಚರಬಿ ಇಲ್ಲ, ತನ್ನ ಮೈ ತಾನೇ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ, ಮೊದಲು ಒಂದು ವಾರ ದಾಟಲಿ.

ನಾನು ಮಾಡಬಹುದಾದ ಕೆಲಸ ಅಂದರೆ ಹಾಲು ಹಿಂಡಿ ಕಳಿಸುವುದು. ಕುದಿಸಿದ ಸಣ್ಣ ಬಾಟಲಿಯಲ್ಲಿ ಹಿಂಡಿ, ಬರ್ಫ ಹಾಕಿದ ಫ್ಲಾಸ್ಕಿನಲ್ಲಿ ಇಟ್ಟರೆ ಆಯಿ ಅದನ್ನು ಒಯ್ದು ಮುಂಜಾನೆಯ ಬೆಳಗಾವಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದಳು. ಅಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಮನೆಯವರು ಇಳಿಸಿಕೊಳ್ಳುತ್ತಿದ್ದರು. ಎಲ್ಲರ ಸಾಮಾನು, ಪಾರ್ಸೆಲ್, ಪತ್ರ ಹೋಗುವ ಹಾಗೆಯೇ ನನ್ನ ಎದೆಹಾಲು ಸರಕಾರಿ ಬಸ್ಸಿನ ಡ್ರೈವರನ ಬಾಜೂಕೆ ಕೂತು ಹೋಗುತ್ತಿತ್ತು. ಮೂರನೇ ದಿನ ಆ ಕಂಡಕ್ಟರ್, "ಆಯಿ, ಕೂಸು ಹೆಂಗೈತ್ರಿ?" ಅಂತ ಕೇಳಿ, ತಾನೇ ಒಂದು ಬಟ್ಟೆ ತಂದು ಫ್ಲಾಸ್ಕಿಗೆ ಸುತ್ತಿದ್ದನಂತೆ. ಅದನ್ನು ಕೇಳಿ ನಾನು ಅತ್ತುಬಿಟ್ಟೆ. ಆ ದಿನಗಳಲ್ಲಿ ಅಳುವುದಕ್ಕೆ ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ.

ಐದನೇ ದಿನ ಸಂಜೆ ಫೋನಿನಲ್ಲಿ ಅವರ ಧ್ವನಿ ಸ್ವಲ್ಪ ಹಗುರಾಗಿತ್ತು. "ಇವತ್ತ ಒಂದ ಸಲಾನೂ ಉಸಿರು ಮರತಿಲ್ಲ. ಹಾಲು ದಕ್ಕಾಕತ್ತೈತಿ" ಅಂದರು. ಖುಷಿಯಿಂದ ಹೊಳ್ಳಿ ರೂಮಿಗೆ ಬಂದೆ. ನೋಡಿದರೆ ಆಯಿ ಒಂದು ಭಾರವಾದ ಕೈಚೀಲ ಹಿಡಿದುಕೊಂಡು ಏದುಸಿರು ಬಿಡುತ್ತ ಕೂತಿದ್ದಾಳೆ. "ಏನಬೇ ಅದು ಚೀಲದಾಗ?" ಅಂದೆ.

"ನಿನ್ನ ಮಗಳು" ಅಂದಳು.

ಚೀಲದೊಳಗಿಂದ ತೆಗೆದದ್ದು ನಮ್ಮ ಮನೆಯ ಸಣ್ಣ ಒಳಕಲ್ಲಿನ ಗುಂಡು, ದಿನಾ ಚಟ್ನಿ ಅರೆಯುವಂಥದು. ತಿಕ್ಕಿ ತೊಳೆದು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಮೇಲಿನ ತುದಿಗೆ ಕೂಸಿನ ಟೋಪಿಯಂಥ ಒಂದು ಕುಂಚಿಗೆ ತೊಡಿಸಿ ತಂದಿದ್ದಳು. ನಮ್ಮ ಕಡೆ ತೊಟ್ಟಿಲ ಕಾರ್ಯದಲ್ಲಿ ಕೂಸಿನ ಮೊದಲು ಗುಂಡಕಲ್ಲನ್ನು ತೊಟ್ಟಿಲಲ್ಲಿ ಹಾಕಿ ತೂಗುವುದುಂಟು, ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲಿ ಅಂತ. ಅದು ನನಗೂ ಗೊತ್ತು. ಆದರೆ ಇದು ತೊಟ್ಟಿಲಲ್ಲ, ಐದನೇ ದಿನ. ಐದನೇ ದಿನ ರಾತ್ರಿ ಶೆಟಿಗೆವ್ವ ಬಂದು ಕೂಸಿನ ಹಣೆಯ ಮೇಲೆ ಅದರ ಆಯುಷ್ಯ ಬರೆದು ಹೋಗುತ್ತಾಳೆ ಅಂತ ನಂಬಿಕೆ. ಮರಾಠಿ ಮಂದಿ ಆಕೆಯನ್ನು ಸಟವಾಯಿ ಅನ್ನುತ್ತಾರೆ. ಬಾಣಂತಿಯ ಬಾಜೂಕೆ ದೀಪ ಹಚ್ಚಿ, ಬಿಳಿ ಹಾಳೆ, ಪೆನ್ನು ಇಡುತ್ತಾರೆ.

"ಆಕಿ ಇವತ್ತ ಬರ್ತಾಳ. ಬಂದು ಹಣಿ ಹುಡುಕ್ತಾಳ. ಬಾಣಂತಿ ಮಗ್ಗಲದಾಗ ಕೂಸ ಇಲ್ಲಂದ್ರ, ಇಲ್ಲೇನೂ ಕೆಲಸ ಇಲ್ಲ ಅಂತ ಹೊಳ್ಳಿ ಹೋಗ್ತಾಳ. ಬರೀಲಾರದ ಹಣಿ ಇಟಗೊಂಡ ಕೂಸು ಎಷ್ಟ ದಿನಾ ಇದ್ದೀತ?" ಅಂದಳು ಆಯಿ.

"ಬೆಳಗಾವಿಗೆ ಹೋಗ್ಲೇಳು. ಬಸ್ ಅದಾವಲ್ಲ."

"ಆಕಿಗೇನ ದವಾಖಾನಿ ಅಡ್ರೆಸ್ ಗೊತ್ತೈತೇನ, ಶಾಣ್ಯಾಕಿ?"

ನಗು ಬಂತು, ನಕ್ಕರೆ ಹೊಲಿಗೆ ಜಗ್ಗಿತು, ನೋವಿಗೆ ಸಿಟ್ಟು ಬಂತು. ಕೂಸಿನ ಬದಲು ಕಲ್ಲನ್ನು ಇಡುವುದನ್ನು ಎಲ್ಲಿ ಕೇಳಿದ್ದಳೋ, ದಾರಿಯಲ್ಲಿ ತಾನೇ ಹುಟ್ಟಿಸಿಕೊಂಡು ಬಂದಿದ್ದಳೋ ಗೊತ್ತಿಲ್ಲ. ಒಯ್ದು ಚಟ್ನಿ ಅರಿ ಅಂದೆ. ಆಯಿ ಕಲ್ಲನ್ನು ಕಾಲ ಮೇಲೆ ಇಟ್ಟುಕೊಂಡು ಅದಕ್ಕೊಂದು ಕಾಡಿಗೆಯ ಬೊಟ್ಟು ಇಟ್ಟಳು. ಎಂಬತ್ತರ ಮುದುಕಿ, ಒಳಕಲ್ಲಿನ ಗುಂಡನ್ನು ಹೊತ್ತು ಒಂದು ಮೈಲಿ ನಡೆದು ಬಂದಿದ್ದಾಳೆ, ನನ್ನ ಕೂಸು ಉಳಿಯಲಿ ಅಂತ. "ಆತು ಕೊಡು" ಅಂದೆ. ನರ್ಸ್ ಬಂದು ದೀಪ ಹಚ್ಚಬಾರದು ಅಂದಳು. ಕಲ್ಲನ್ನು ನೋಡಿ ಮುಸಿಮುಸಿ ನಕ್ಕು ಹೋದಳು.

ಆಗ ಏಳು ಗಂಟೆ. ಇದನ್ನು ಅಂದಾಜಿನಿಂದ ಹೇಳುತ್ತಿಲ್ಲ. ನನ್ನ ಕೈಗಡಿಯಾರವನ್ನು ರೇಡಿಯೋಕ್ಕೆ ಹೊಂದಿಸಿ ಇಡುತ್ತಿದ್ದೆ, ಸಾಲಿಯ ಗಂಟೆಯನ್ನು ಅದನ್ನು ನೋಡಿಯೇ ಬಾರಿಸುತ್ತಿದ್ದರು. ಕಲ್ಲನ್ನು ಎಡ ಮಗ್ಗುಲಲ್ಲಿ ಮಲಗಿಸಿಕೊಂಡು ಮೇಲೆ ರಗ್ಗು ಎಳೆದುಕೊಂಡೆ. ಮೊದಲು ತಣ್ಣಗಿತ್ತು, ಕಾಲು ತಾಸಿನಲ್ಲಿ ನನ್ನ ಮೈಶಾಖಕ್ಕೆ ಬೆಚ್ಚಗಾಯಿತು. ಆಗಲೇಬೇಕು. ಬಿಸಿ ಇದ್ದ ಕಡೆಯಿಂದ ತಣ್ಣಗಿದ್ದ ಕಡೆಗೆ ಶಾಖ ಹರಿಯುತ್ತದೆ, ಇದು ನಾನು ಪ್ರತಿವರ್ಷ ಕಲಿಸುವ ಪಾಠ.

ಏಳೂವರೆ ಸುಮಾರಿಗೆ ಅದು ತಣ್ಣಗಾಗತೊಡಗಿತು.

ರಗ್ಗು ಸರಿದಿದೆಯೇನೋ ಅಂತ ನೋಡಿದೆ. ಸರಿದಿರಲಿಲ್ಲ. ಕಿಟಕಿ ಮುಚ್ಚಿತ್ತು, ಟ್ಯೂಬ್‌ಲೈಟು ಉರಿಯುತ್ತಿತ್ತು, ಎಲ್ಲ ಇದ್ದ ಹಾಗೇ ಇತ್ತು. ಕಲ್ಲು ಮಾತ್ರ ನೋಡನೋಡುತ್ತ ತಣ್ಣಗಾಗುತ್ತ ಹೋಯಿತು. ಬಾವಿಯೊಳಗಿಂದ ತೆಗೆದ ಹಾಗೆ ಆಯಿತು, ಆಮೇಲೆ ಅದಕ್ಕಿಂತಲೂ ತಣ್ಣಗೆ. ನನಗೇ ಜ್ವರ ಇಳಿದು ಮೈ ತಣ್ಣಗಾಗುತ್ತಿದೆಯೇನೋ ಅಂದುಕೊಂಡು ಥರ್ಮಾಮೀಟರ್ ಇಟ್ಟುಕೊಂಡೆ. ನೂರಾ ಒಂದರ ಮೇಲಿತ್ತು. ನನ್ನ ಮೈ ಕಾಯುತ್ತಿತ್ತು, ಮೈಗೆ ಹತ್ತಿಕೊಂಡ ಕಲ್ಲು ಕೊರೆಯುತ್ತಿತ್ತು. "ಆಯಿ, ಮುಟ್ಟಿ ನೋಡು" ಅಂದೆ. ಆಯಿ ಮುಟ್ಟಿ, "ಯವ್ವಾ!" ಅಂತ ಕೈ ಹಿಂದಕ್ಕೆ ತೆಗೆದಳು. ಅವಳ ಮುಖ ಬಿಳಿಚಿಕೊಂಡಿತು. "ಎದಿಗೆ ಹಚ್ಚಿಕೊ. ಬಟ್ಟಿ ತಗದು ಎದಿಗೆ ಹಚ್ಚಿಕೊ" ಅಂದಳು. ಇಷ್ಟು ಹೊತ್ತು ತಮಾಷೆ ಮಾಡುತ್ತಿದ್ದ ನಾನು ಮರುಮಾತಾಡದೆ ಕುಪ್ಪಸ ಬಿಚ್ಚಿ, ಸುತ್ತಿದ ಬಟ್ಟೆ ತೆಗೆದು, ಆ ಕಲ್ಲನ್ನು ಬರಿ ಎದೆಗೆ ಒತ್ತಿಕೊಂಡೆ. ಎದೆಯ ಎಲುಬಿನ ತನಕ ಥಂಡಿ ಇಳಿಯಿತು. ಕಣ್ಣಲ್ಲಿ ನೀರು ಬಂತು. ಆದರೂ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಅಂತ ಕೇಳಬೇಡಿರಿ, ನನಗೂ ಗೊತ್ತಿಲ್ಲ.

ಎಂಟು ದಾಟಿತು. ಆಯಿ ನನಗೆ ಗಂಜಿ ಬಿಸಿ ಮಾಡಿಸಿಕೊಂಡು ಬರಲು ಕೆಳಗೆ ಹೋದಳು. ರೂಮಿನಲ್ಲಿ ನಾನೊಬ್ಬಳೇ. ಹೊಲಿಗೆಯ ಜಾಗ ಉರಿಯುತ್ತಿತ್ತು, ತೋಳು ಮರಗಟ್ಟಿದ್ದವು. ಬಾಗಿಲ ಬಾಜೂಕಿನ ಕನ್ನಡಿಯಲ್ಲಿ ನನ್ನನ್ನು ನಾನೇ ಕಂಡೆ. ಕೂದಲು ಕೆದರಿಕೊಂಡು, ಬರಿ ಎದೆಗೆ ಒಂದು ಚಟ್ನಿ ಕಲ್ಲು ಒತ್ತಿಕೊಂಡು ಕೂತ ಹುಚ್ಚಿ. ನಾಚಿಕೆಯಾಯಿತು. ನನ್ನ ಮೇಲೆ, ಆಯಿಯ ಮೇಲೆ, ಆ ಕಲ್ಲಿನ ಮೇಲೆ ಇನ್ನಿಲ್ಲದ ಸಿಟ್ಟು ಬಂತು. "ಸಾಕು ಮಾಡು ಈ ನಾಟಕ" ಅಂತ ನನಗೆ ನಾನೇ ಬೈದುಕೊಂಡು ಕಲ್ಲನ್ನು ಎತ್ತಿ ಪಕ್ಕದ ಕಬ್ಬಿಣದ ಸ್ಟೂಲಿನ ಮೇಲೆ ದಪ್ ಅಂತ ಇಟ್ಟೆ. ಗಡಿಯಾರ ನೋಡಿದೆ. ಎಂಟು ಇಪ್ಪತ್ತು.

ಕುಪ್ಪಸದ ಗುಂಡಿ ಹಾಕಿಕೊಂಡು, ಗೋಡೆಗೆ ಒರಗಿ ಕೂತೆ. ಒಂದೆರಡು ನಿಮಿಷ ಹಾಯ್ ಅನ್ನಿಸಿತು. ಆಮೇಲೆ ಕಿವಿಯಲ್ಲಿ ಗುಂಯ್ ಅಂತ ಶುರುವಾಯಿತು, ಎದೆ ಡವಡವ ಹೊಡೆದುಕೊಳ್ಳತೊಡಗಿತು. ಮೂರು ತಾಸು ಹಿಂಡಿದರೂ ಚಮಚ ತುಂಬದ ಹಾಲು ತಾನೇ ಇಳಿದು ಕುಪ್ಪಸವೆಲ್ಲ ತೊಯ್ದು ಹೋಯಿತು. ಯಾರೂ ಏನೂ ಅನ್ನಲಿಲ್ಲ, ಯಾವ ಧ್ವನಿಯೂ ಕೇಳಲಿಲ್ಲ, ಯಾರೂ ಕಾಣಲಿಲ್ಲ. ಆದರೆ ಏನೋ ಹೋಗುತ್ತಿದೆ, ಈಗ ಹಿಡಿಯದಿದ್ದರೆ ಹೋಗೇಬಿಡುತ್ತದೆ ಅನ್ನುವ ಭಯ ಮಾತ್ರ ಹತ್ತಿತು. ಹೊಲಿಗೆಯ ಪರಿವೆಯಿಲ್ಲದೆ ಬಾಗಿ ಕಲ್ಲನ್ನು ಎತ್ತಿಕೊಂಡೆ. ಎದೆಗೆ ಒತ್ತಿಕೊಂಡು ಅದರ ಕೆಳಗಿನ ತುದಿಯನ್ನು ಬೆರಳಿನಿಂದ ಟಪ್ ಟಪ್ ಅಂತ ಹೊಡೆಯುತ್ತ, "ನೆನಪ ಮಾಡಕೊ, ನೆನಪ ಮಾಡಕೊ ನನ್ನವ್ವಾ" ಅನ್ನುತ್ತಿದ್ದೆನಂತೆ. ಆಯಿ ಗಂಜಿ ಹಿಡಿದುಕೊಂಡು ಬಾಗಿಲಿಗೆ ಬಂದಾಗ ಕಂಡದ್ದು ಇದು. ನಾನು ಕಲ್ಲು ಎತ್ತಿಕೊಂಡ ಬೆನ್ನಿಗೇ ಅವಳು ಬಂದಿದ್ದಳು, ಆಗ ಗಡಿಯಾರದಲ್ಲಿ ಎಂಟು ಇಪ್ಪತ್ತೇಳಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಕಲ್ಲು ಬೆಚ್ಚಗಾಗತೊಡಗಿತು. ಒಂಬತ್ತರ ಹೊತ್ತಿಗೆ ಮೈಯಷ್ಟೇ ಬೆಚ್ಚಗಿತ್ತು. ಆಯಿ ಮುಟ್ಟಿ ನೋಡಿ ಕಣ್ಣೊರೆಸಿಕೊಂಡಳು. ನನಗೆ ಅದನ್ನು ಹಿಡಿದುಕೊಂಡಲ್ಲೇ ನಿದ್ದೆ ಬಂತು.

ಮರುದಿನ ಏಳಕ್ಕೆ ಫೋನ್ ಬರಲಿಲ್ಲ. ಎಂಟಕ್ಕೆ ಬಂತು. ಆ ಒಂದು ತಾಸು ನಾನು ಹೇಗೆ ಕಳೆದೆ ಅನ್ನುವುದನ್ನು ಬರೆಯಲು ನನಗೆ ಆಗುವುದಿಲ್ಲ. ಅವರ ಧ್ವನಿ ಒಡೆದಿತ್ತು. "ಗಾಬರಿ ಆಗಬ್ಯಾಡ, ಈಗ ಆರಾಮ ಐತಿ" ಅಂತಲೇ ಶುರು ಮಾಡಿದರು. ಹಿಂದಿನ ಸಂಜೆ ಏಳು ದಾಟಿದ ಮೇಲೆ ಆ ಭಾಗದ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟ್ ಹೋಯಿತಂತೆ. ಜನರೇಟರ್ ಚಾಲೂ ಆಗಲಿಲ್ಲ. ಗಾಜಿನ ಪೆಟ್ಟಿಗೆಗಳೆಲ್ಲ ತಣ್ಣಗಾದವು. ಮಷಿನ್ ಕೆಲಸ ಗೊತ್ತಿದ್ದ ನಮ್ಮ ಮನೆಯವರು ಕೂಸನ್ನು ಸಿಸ್ಟರ್ ಕೈಯಲ್ಲಿ ಬಿಟ್ಟು, ಬ್ಯಾಟರಿ ದೀಪ ಹಿಡಿದು ಕೆಳಗೆ ಓಡಿ, ಜನರೇಟರ್ ಬಿಚ್ಚಿ ಕೂತರು. ಅದು ಚಾಲೂ ಆದಾಗ ಒಂಬತ್ತು ನಲವತ್ತು. "ಮ್ಯಾಲ ಹೋದ ಮ್ಯಾಲ ಹೇಳಿದ್ರು. ನಡುವ ಉಸಿರು ಪೂರಾ ನಿಂತಿತ್ತಂತ. ಅಂಗಾಲಿಗೆ ಹೊಡದ್ರೂ ತಗೋಲಿಲ್ಲಂತ. ನೀಲಿ ಆಗಿತ್ತಂತ" ಅಂದರು. ಎಷ್ಟೊತ್ತಿಗೆ ಅಂತ ಕೇಳಿದೆ. "ಎಂಟರ ಮ್ಯಾಲ" ಅಂದರು. ನಾನು ಹೆಚ್ಚು ಕೇಳಲಿಲ್ಲ. ಕಲ್ಲಿನ ಮಾತನ್ನೂ ಹೇಳಲಿಲ್ಲ.

ಹೊಲಿಗೆ ಬಿಚ್ಚಿದ ಮರುದಿನವೇ ಬೆಳಗಾವಿಗೆ ಹೋದೆ. ಮಗಳನ್ನು ಮೊದಲ ಸಲ ನೋಡಿದೆ. ಅದನ್ನು ವರ್ಣಿಸಲು ಹೋಗುವುದಿಲ್ಲ, ತಾಯಂದಿರಿಗೆ ಗೊತ್ತಿರುತ್ತದೆ. ಪೆಟ್ಟಿಗೆಯ ಕಾಲಿಗೆ ಒಂದು ಚಾರ್ಟ್ ಕಟ್ಟಿದ್ದರು, ಅದರಲ್ಲಿ ಗಂಟೆಗಂಟೆಯ ಲೆಕ್ಕ. ಐದನೇ ದಿನದ ಹಾಳೆ ತೆಗೆದೆ. ಏಳೂವರೆಯಿಂದ ಮೈಶಾಖ ಇಳಿಯುತ್ತ ಬಂದದ್ದನ್ನು ಬರೆದಿತ್ತು. ಎಂಟು ಇಪ್ಪತ್ತಕ್ಕೆ ಉಸಿರು ನಿಂತಿದೆ, ಡಾಕ್ಟರು ಬಲೂನಿನಂಥ ಚೀಲದಿಂದ ಗಾಳಿ ಹಾಕಿದ್ದಾರೆ. ಎಂಟು ಇಪ್ಪತ್ತೇಳಕ್ಕೆ ತಾನೇ ಉಸಿರೆಳೆದಿದೆ. ಒಂಬತ್ತಕ್ಕೆ ಮೈಶಾಖ ಸರಿಯಾಗಿದೆ. ಕರೆಂಟ್ ಬರುವುದಕ್ಕೆ ಇನ್ನೂ ನಲವತ್ತು ನಿಮಿಷ ಇತ್ತು.

ಅವತ್ತು ಪಾಳಿಯಲ್ಲಿದ್ದ ಸಿಸ್ಟರ್ ಖಾನಾಪುರದ ಕಡೆಯವಳೇ, ಮರಾಠಿ ಮನೆಯ ಹುಡುಗಿ, ಕನ್ನಡವನ್ನೂ ಅಷ್ಟೇ ಸಲೀಸಾಗಿ ಆಡುವವಳು. ಒಂಬತ್ತರ ಅಂಕಿಯ ಮೇಲೆ ಬೆರಳಿಟ್ಟು ಕೇಳಿದೆ. ಅವಳಿಗೆ ಅದು ಇನ್ನೂ ಹಸಿ ಗಾಯ. "ಡಾಕ್ಟರ್ ನನಗ ಬೈದ್ರು ಅಕ್ಕಾರ, ತಪ್ಪ ಬರದಿ ಅಂತ. ಖರೇ ಹೇಳ್ತೀನ್ರಿ, ಮೂರ ಸಲ ನೋಡೀನಿ. ಥರ್ಮಾಮೀಟರ್ ಬ್ಯಾರೆ ತಗೊಂಡ ನೋಡೀನಿ. ಎಲ್ಲಾ ಕೂಸಿಗೂ ಅರಳಿ ಸುತ್ತಿ ಬಿಸಿನೀರಿನ ಬಾಟ್ಲಿ ಇಟ್ಟಿದ್ನಿ. ಉಳಕಿ ಎರಡ ಕೂಸು ಕರೆಂಟ್ ಬರೂತನಕ ತಣ್ಣಗ ಇದ್ದೂರಿ. ನಿಮ್ಮದಷ್ಟ ಯಾರೋ ಎತ್ತಿಕೊಂಡಂಗ ಬೆಚ್ಚಗಿತ್ತು" ಅಂದಳು. ನಾನು ಹಾಳೆಯನ್ನು ಮಡಿಸಿ ಇದ್ದಲ್ಲೇ ಇಟ್ಟೆ.

ಮಗಳು ಬದುಕಿದಳು. ಐವತ್ತು ದಿನಗಳ ಮೇಲೆ ಮನೆಗೆ ಬಂದಳು. ಆಯಿ ಅವಳನ್ನು ತೂಗಿ ಆಡಿಸಿ, ಅವಳು ಸಾಲಿಗೆ ಹೋಗುವುದನ್ನೂ ನೋಡಿ ಕಣ್ಣು ಮುಚ್ಚಿದಳು. ಶೆಟಿಗೆವ್ವ ಸರಿಯಾದ ಹಣೆಯ ಮೇಲೆಯೇ ಬರೆದಳು ಅಂತ ಕೊನೆಯ ತನಕ ಹೇಳುತ್ತಿದ್ದಳು.

ನಾನು ಮಾತ್ರ ಇಷ್ಟು ವರ್ಷ ಲೆಕ್ಕ ಹಾಕುತ್ತಲೇ ಇದ್ದೇನೆ. ಮೈಯಲ್ಲಿ ರಕ್ತ ಇರಲಿಲ್ಲ, ಜ್ವರ ಇತ್ತು, ಜ್ವರದಲ್ಲಿ ಯಾವುದು ಮುಟ್ಟಿದರೂ ತಣ್ಣಗೆ ಅನ್ನಿಸುತ್ತದೆ. ಹೌದು. ಆದರೆ ಆಯಿಗೆ ಜ್ವರ ಇರಲಿಲ್ಲ. ಬಿಸಿನೀರಿನ ಬಾಟಲಿ ಒಂದು ಕೂಸಿಗೆ ಹೆಚ್ಚು ಹತ್ತಿರ ಇದ್ದಿರಬಹುದು. ಇರಬಹುದು. ಅಲ್ಲಿಯ ಗಡಿಯಾರ, ನನ್ನ ಗಡಿಯಾರ ಒಂದೇ ವೇಳೆ ತೋರಿಸಿದ್ದು ಬರೀ ಕಾಕತಾಳೀಯ. ಅದೂ ಇರಬಹುದು. ಯಾರಾದರೂ ವಿದ್ಯಾರ್ಥಿ ಬಂದು ಇದನ್ನೇ ಹೇಳಿದ್ದರೆ ನಾನು ಇಷ್ಟೇ ಉತ್ತರ ಕೊಟ್ಟು ಕೂಡಿಸುತ್ತಿದ್ದೆ. ಆದರೆ ಕಲ್ಲು ಕೊರೆದದ್ದು ನನ್ನ ಎದೆಗೆ, ಆ ವಿದ್ಯಾರ್ಥಿಯ ಎದೆಗಲ್ಲ. ಇದು ಏನು ಅಂತ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ.

ಬಲ್ಲವರು ಯಾರಾದರೂ ಬಂದು ಇದೆಲ್ಲ ಸುಳ್ಳು, ಜ್ವರದ ಭ್ರಮೆ ಅಂತ ಸಾಬೀತು ಮಾಡಿದರೆ ನಾನು ಅವರ ಕಾಲಿಗೆ ಬೀಳುತ್ತೇನೆ. ಯಾಕಂದರೆ ನಾನು ಕಲ್ಲನ್ನು ಸ್ಟೂಲಿನ ಮೇಲೆ ಇಟ್ಟದ್ದು ಆಯಿಗೂ ಗೊತ್ತಿರಲಿಲ್ಲ, ಗಂಡನಿಗೂ ಗೊತ್ತಿಲ್ಲ, ಇವತ್ತೇ ಮೊದಲು ಹೇಳುತ್ತಿರುವುದು. ನಂಬದಿದ್ದರೆ ಅದು ಬರೀ ಕಲ್ಲು. ನಂಬಿದರೆ ಆ ಏಳು ನಿಮಿಷ ನನ್ನವು. ಮಗಳ ಎಡಗೈಯ ಬೆರಳುಗಳು ಪೂರಾ ಮಡಚುವುದಿಲ್ಲ. ಅವತ್ತು ಉಸಿರು ನಿಂತ ಹೊತ್ತಿನಲ್ಲಿ ಮಿದುಳಿಗೆ ಆದ ಪೆಟ್ಟು ಅಂತ ಡಾಕ್ಟರು ಹೇಳುತ್ತಾರೆ. ಈಗ ಅವಳು ದೊಡ್ಡವಳು, ಒಂದೇ ಕೈಯಿಂದ ಜಡೆ ಹಾಕಿಕೊಳ್ಳುವುದನ್ನು ಕಲಿತಿದ್ದಾಳೆ. ಸಣ್ಣಾಕಿ ಇದ್ದಾಗ ಸಾಲಿಯಿಂದ ಅಳುತ್ತ ಬಂದು, "ಅವ್ವಾ, ನನ್ನ ಕೈ ಯಾಕ ಹಿಂಗ ಐತಿ?" ಅಂತ ಕೇಳುತ್ತಿದ್ದಳು. ಈಗ ಯಾವಾಗಾದರೊಮ್ಮೆ ನಗುತ್ತ ಕೇಳುತ್ತಾಳೆ.

"ದವಾಖಾನ್ಯಾಗ ಕರೆಂಟ್ ಹೋಗಿತ್ತವ್ವಾ" ಅನ್ನುತ್ತೇನೆ. ಅದೇನೂ ಸುಳ್ಳಲ್ಲ. ಆದರೆ ಆ ಮಾತು ಹೇಳುವಾಗ ಅವಳ ಮುಖ ನೋಡಲು ಒಂದು ದಿನವೂ ನನ್ನಿಂದ ಆಗಿಲ್ಲ.